ಮಂಗಳವಾರದ ತೂಕ

ನಾನು ವಾರ್ಡಿನ ಕೆಲಸ ಬಿಟ್ಟದ್ದು ಬೆನ್ನುನೋವಿನ ಕಾರಣಕ್ಕೆ. ವರ್ಷಗಟ್ಟಲೆ ರೋಗಿಗಳನ್ನು ಮಗ್ಗುಲು ಹೊರಳಿಸಿ, ಎತ್ತಿ ಕೂರಿಸಿ, ಕೊನೆಗೆ ನಾನೇ ಹಾಸಿಗೆಯಿಂದ ಏಳಲಾಗದ ಸ್ಥಿತಿಗೆ ಬಂದಿದ್ದೆ. ಇನ್ನು ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದರು. ಭಾರ ಎತ್ತಲಾಗದ ನರ್ಸಿಗೆ ಕೆಲಸ ಯಾರು ಕೊಡುತ್ತಾರೆ? ಹುಡುಕುತ್ತಿದ್ದಾಗ ಸಿಕ್ಕಿದ್ದು ಜಯನಗರದ ಒಂದು ಸಂಶೋಧನಾ ಕಚೇರಿಯ ಕೆಲಸ. ಗಿರಿನಗರದಲ್ಲಿ ಅಕ್ಕನ ಮನೆಯ ಮಹಡಿ ರೂಮಿನಲ್ಲಿದ್ದೆ, ಬಸ್ಸಿನಲ್ಲಿ ಹೋಗಿಬರಬಹುದಿತ್ತು. ಕೂತು ಫೋನ್ ಮಾಡುವುದಷ್ಟೇ ಕೆಲಸ ಎಂದಾಗ ಸದ್ಯ ಬದುಕಿಕೊಂಡೆ ಅಂದುಕೊಂಡೆ.

ಕಚೇರಿ ಎಂದರೆ ಒಂದು ಹಳೆಯ ಮನೆಯ ಮೊದಲ ಮಹಡಿ. ಕೆಳಗೆ ಸೀರೆಗೆ ಫಾಲ್ಸ್ ಹೊಲಿದು ಕುಚ್ಚು ಕಟ್ಟಿಕೊಡುವ ಅಂಗಡಿ. ಆಸ್ಪತ್ರೆಗಳಲ್ಲಿ ರೋಗಿಗೆ ಸಿಗುವ ಆರೈಕೆ ಎಷ್ಟು ಚೆನ್ನಾಗಿದೆ, ಎಷ್ಟು ಸುರಕ್ಷಿತ, ಎಷ್ಟು ದುಬಾರಿ, ಯಾರಿಗೆ ದಕ್ಕುತ್ತದೆ, ಯಾರಿಗೆ ದಕ್ಕುವುದಿಲ್ಲ ಎಂಬುದನ್ನು ಅಲ್ಲಿ ಅಧ್ಯಯನ ಮಾಡುತ್ತಿದ್ದರು. ಮುಖ್ಯಸ್ಥೆ ಒಬ್ಬ ಹಿರಿಯ ಡಾಕ್ಟರು. ಮಾತು ಕಡಿಮೆ, ಟೀ ಜಾಸ್ತಿ. ನನ್ನನ್ನು ಸೇರಿಸಿಕೊಂಡದ್ದು ಹೃದಯ ದುರ್ಬಲವಾದವರ ಕುರಿತ ಅಧ್ಯಯನಕ್ಕೆ. ಈ ಕಾಯಿಲೆಯಲ್ಲಿ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ. ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ನೀರು ಇಳಿಸಿ ಮನೆಗೆ ಕಳಿಸಿದರೆ ಎಷ್ಟೋ ಜನ ಕೆಲವೇ ವಾರಗಳಲ್ಲಿ ಮತ್ತೆ ಅದೇ ಬಾಗಿಲಿಗೆ ಬರುತ್ತಾರೆ. ವಾರಕ್ಕೊಮ್ಮೆ ನರ್ಸ್ ಫೋನ್ ಮಾಡಿ ವಿಚಾರಿಸಿಕೊಂಡರೆ ಅದು ತಪ್ಪುತ್ತದೆಯೇ, ಅದಕ್ಕೆ ತಗಲುವ ಖರ್ಚು ಸಾರ್ಥಕವೇ ಎಂದು ನಾವು ನೋಡಬೇಕಿತ್ತು. ಅಧ್ಯಯನಕ್ಕೆ ಒಪ್ಪಿದವರಲ್ಲಿ ಅರ್ಧ ಜನರಿಗೆ ಫೋನ್, ಜೊತೆಗೆ ಮನೆಯಲ್ಲಿಟ್ಟುಕೊಳ್ಳಲು ಒಂದು ತೂಕದ ಮಿಷನ್. ಮೈಯಲ್ಲಿ ನೀರು ತುಂಬಿದರೆ ಮೊದಲು ತೋರುವುದು ತೂಕದಲ್ಲೇ. ಉಳಿದವರಿಗೆ ಎಂದಿನ ಆರೈಕೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತಿತ್ತು.

ಒಂದು ದಿನ ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಯ ಇಬ್ಬರನ್ನು ಸೇರಿಸಿಕೊಂಡೆ. ಒಬ್ಬರು ಹುಳಿಮಾವಿನ ಹಳೆಯ ಮನೆತನದವರು. ಒಂದು ಕಾಲಕ್ಕೆ ರಾಗಿ ಬೆಳೆದವರು, ಈಗ ಮೂರು ಮಹಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಎತ್ತರದ ತೆಳ್ಳಗಿನ ಆಳು. ಇನ್ನೊಬ್ಬರು ಸಿದ್ದಾಪುರದಲ್ಲಿ ತಳ್ಳುಗಾಡಿಯ ಮೇಲೆ ಬಟ್ಟೆ ಇಸ್ತ್ರಿ ಮಾಡುವವರು. ಕಂಪ್ಯೂಟರ್ ಆರಿಸಿದಾಗ ಹುಳಿಮಾವಿನವರಿಗೆ ಫೋನ್ ಬಂತು. ಸಿದ್ದಾಪುರದವರಿಗೆ ಬರಲಿಲ್ಲ.

ನಾನು ತೂಕದ ಮಿಷನ್ನಿನ ಡಬ್ಬ ಬಿಚ್ಚಿ ಹುಳಿಮಾವಿನವರ ಹೆಂಡತಿಗೆ ತೋರಿಸುತ್ತಿದ್ದರೆ ಇಸ್ತ್ರಿಯವರ ಹೆಂಡತಿ ನೋಡುತ್ತಾ ನಿಂತಿದ್ದರು.

"ನಮಗ್ಯಾಕಿಲ್ಲ ಸಿಸ್ಟರ್?"

"ಅದು ಕಂಪ್ಯೂಟರ್ ಆರಿಸೋದಮ್ಮ. ನನ್ನ ಕೈಲಿಲ್ಲ."

"ಕಂಪ್ಯೂಟರ್‌ಗೂ ಗೊತ್ತಾಗುತ್ತಾ, ಯಾರ ಹತ್ರ ಬಿಲ್ಡಿಂಗ್ ಇದೆ, ಯಾರ ಹತ್ರ ಗಾಡಿ ಇದೆ ಅಂತ?"

ಹಾಗಲ್ಲ ಎಂದು ನಾನು ಎಷ್ಟು ವಿವರಿಸಿದರೂ ಆಕೆ ನಂಬಲಿಲ್ಲ. ಹೀಗೆ ಆರಿಸಿದರೇ ನ್ಯಾಯ, ಯಾರಿಗೂ ಪಕ್ಷಪಾತವಾಗುವುದಿಲ್ಲ ಎಂದು ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆ ಮಾತು ನಿಜ. ಆದರೆ ಗಂಡನ ಹಾಸಿಗೆಯ ಪಕ್ಕ ನಿಂತು ಅದನ್ನು ಕೇಳುವುದು ಬೇರೆ.

ಹುಳಿಮಾವಿಗೆ ಫೋನ್ ಮಾಡುವ ದಿನ ಮಂಗಳವಾರ. ಮೊದಮೊದಲು ಯಜಮಾನರೇ ಮಾತಾಡುತ್ತಿದ್ದರು. ಉಪ್ಪು ಕಮ್ಮಿ ಮಾಡಿದೀರಾ ಎಂದರೆ ಸಾಕು.

"ನೀವೊಂದ್ ಸಲ ಉಪ್ಪಿಲ್ದೆ ಬಸ್ಸಾರು ಉಂಡು ನೋಡಿ ಸಿಸ್ಟರ್. ಆಮೇಲೆ ನಂಗೆ ಹೇಳಿ."

ಒಮ್ಮೆ ಕೆರೆಯ ಪಕ್ಕದ ತಮ್ಮ ಹೊಲದ ಸುದ್ದಿ ತೆಗೆದರು. ಅಲ್ಲೀಗ ಅಪಾರ್ಟ್‌ಮೆಂಟು. ತಾವು ರಾಗಿ ತೆನೆ ಒಕ್ಕುತ್ತಿದ್ದ ಕಣದ ಜಾಗದಲ್ಲಿ ಜಿಮ್ ಇದೆಯಂತೆ. "ಹುಡುಗ್ರು ಬೆಳಗೆದ್ದು ಸುಮ್ ಸುಮ್ನೆ ಭಾರ ಎತ್ತುತಾರೆ. ಆಗ ಬಂದಿದ್ರೆ ಮೂಟೆ ಹೊರಿಸ್ತಿದ್ದೆ" ಎಂದು ನಕ್ಕು, ನಗು ಕೆಮ್ಮಾಗಿ, ಫೋನನ್ನು ಹೆಂಡತಿಗೆ ಕೊಟ್ಟರು. ಆಕೆ ತೂಕ ಹೇಳಿದರು, ಕಾಲಿನ ಊತ ಹೇಳಿದರು, ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತಾರೆ ಎಂದು ಹೇಳಿದರು. ಫೋನ್ ಇಡುವ ಮೊದಲು ಕೇಳಿದರು: "ನಿಮ್ದು ಊಟ ಆಯ್ತಾ?" ಆಮೇಲಾಮೇಲೆ ನಾನೂ ಅದನ್ನೇ ಕೇಳತೊಡಗಿದೆ. ಆಕೆ ಪ್ರತಿಸಲ ಒಂದು ಕ್ಷಣ ಸುಮ್ಮನಾಗಿ ನಂತರ ಉತ್ತರ ಕೊಡುತ್ತಿದ್ದರು. ಆ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಇದ್ದರು. ಮಗ ಒಂದು ಮಹಡಿಯಲ್ಲಿ ಕೆಲಸಕ್ಕೆ ಹೋಗುವ ಹುಡುಗರಿಗೆ ಪಿ.ಜಿ. ನಡೆಸುತ್ತಿದ್ದ. ಮನೆ ತುಂಬ ಜನ. ಆದರೂ ಆಕೆಯನ್ನು ಊಟ ಆಯಿತಾ ಎಂದು ಕೇಳುವವರು ಇರಲಿಲ್ಲವೇನೋ ಎಂದು ನನಗೆ ಅನ್ನಿಸುತ್ತಿತ್ತು.

ಹೀಗೆ ಕೆಲವು ತಿಂಗಳು ನಡೆಯಿತು. ಒಂದು ಮಂಗಳವಾರ ಫೋನ್ ಎತ್ತಲಿಲ್ಲ. ಮರುದಿನ ಮಾಡಿದೆ, ಎತ್ತಲಿಲ್ಲ. ಮುಂದಿನ ವಾರವೂ ಇಲ್ಲ. ಅದರ ಮುಂದಿನ ವಾರ ಎತ್ತಿದರು. ಹಿಂದೆ ಪಾತ್ರೆಗಳ ಸದ್ದು, ತುಂಬ ಜನರ ಮಾತು.

"ಯಜಮಾನ್ರು ಹೇಗಿದಾರಮ್ಮ?"

"ಅವ್ರೆ."

"ಫೋನ್ ಕೊಡ್ತೀರಾ?"

"ಮಲಗವ್ರೆ ಸಿಸ್ಟರ್. ನಾನೇ ಹೇಳ್ತೀನಿ, ನನ್ನನ್ನೇ ಕೇಳಿ."

ಅಂದಿನಿಂದ ಆಕೆಯೇ ಹೇಳತೊಡಗಿದರು. ಆ ದಿನ ತೂಕ ಹೋದ ಸಲಕ್ಕಿಂತ ಹೆಚ್ಚಿತ್ತು. ನನಗೆ ಆತಂಕವಾಯಿತು. ಮುಖ್ಯಸ್ಥೆಗೆ ತಿಳಿಸಿದೆ, ಅವರು ಆಸ್ಪತ್ರೆಯ ಹೃದಯದ ಡಾಕ್ಟರ ಜೊತೆ ಮಾತಾಡಿದರು, ನೀರು ಹೋಗುವ ಮಾತ್ರೆಯನ್ನು ಹೆಚ್ಚಿಸಲು ಹೇಳಿದರು. ನಾನು ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. ಬೆಳಗ್ಗೆ ಒಂದು, ಮಧ್ಯಾಹ್ನ ಅರ್ಧ. "ಆಯ್ತು, ಕೊಡ್ತೀನಿ" ಎಂದರು. ನಂತರದ ವಾರಗಳಲ್ಲಿ ತೂಕ ಸ್ವಲ್ಪ ಸ್ವಲ್ಪವೇ ಇಳಿಯಿತು. "ಚೆನ್ನಾಗಿ ಇಳೀತಿದೆಯಮ್ಮ, ಒಳ್ಳೇದು" ಎಂದು ನಾನು ಪ್ರತಿಸಲ ಹೇಳಿದೆ. ಆಕೆ ಹೂಂ ಎನ್ನುತ್ತಿದ್ದರು.

ನಮ್ಮ ಕೆಲಸ ನೋಡಲು ಹೊರಗಿನಿಂದ ಕೆಲವರು ಬಂದಾಗ ಮುಖ್ಯಸ್ಥೆ ಇದೇ ಉದಾಹರಣೆಯನ್ನು ಹೇಳಿದರು. ಹುಳಿಮಾವಿನ ಒಬ್ಬ ರೋಗಿ, ತೂಕ ಏರಿದ್ದು ಫೋನಿನಿಂದಲೇ ಗೊತ್ತಾಯಿತು, ಆಸ್ಪತ್ರೆಗೆ ಬರುವ ಮೊದಲೇ ಮಾತ್ರೆ ಸರಿಪಡಿಸಿದೆವು, ಆತ ಮನೆಯಲ್ಲೇ ಚೇತರಿಸಿಕೊಂಡ. ಗೋಡೆಯ ಪರದೆಯ ಮೇಲೆ ಆ ತೂಕದ ಗೆರೆ ಮೇಲೇರಿ ಇಳಿಯುವುದನ್ನು ತೋರಿಸಿದರು. ಬಂದವರು ನನ್ನ ಕಡೆ ತಿರುಗಿ ತಲೆಯಾಡಿಸಿದರು. ನನಗೆ ಹೆಮ್ಮೆಯಾಗಿತ್ತು.

ಅರ್ಧ ವರ್ಷಕ್ಕೊಮ್ಮೆ ಮನೆಗೇ ಹೋಗಿ ರಕ್ತದೊತ್ತಡ, ಕಾಲಿನ ಊತ ಎಲ್ಲ ನೋಡಬೇಕಿತ್ತು. ಬರುತ್ತೇನೆ ಎಂದಾಗಲೆಲ್ಲ ಆಕೆ ಏನೋ ಒಂದು ಹೇಳಿ ಮುಂದೂಡಿದರು. ಮಗಳ ಮನೆಗೆ ಹೋಗವ್ರೆ. ಮನೆಗೆ ಸುಣ್ಣ ಬಣ್ಣ ನಡೀತದೆ. ಒಂದು ದಿನ ಹುಳಿಮಾವಿನಲ್ಲೇ ಇನ್ನೊಬ್ಬ ರೋಗಿಯನ್ನು ನೋಡಲು ಹೋಗಿದ್ದೆ. ಬೇಗ ಮುಗಿಯಿತು. ಹೇಗೂ ಬಂದಿದ್ದೇನೆ, ನೋಡಿಕೊಂಡೇ ಹೋಗೋಣ ಎಂದು ಹೇಳದೆಯೇ ಹೊರಟೆ.

ಗೇಟಿನ ಒಳಗೆ ಸೊಸೆ ಬಟ್ಟೆ ಒಣಹಾಕುತ್ತಿದ್ದಳು. ಪಿ.ಜಿ. ವಿಚಾರಿಸಲು ಬಂದವಳೆಂದು ತಿಳಿದು, "ಲೇಡೀಸ್‌ಗಿಲ್ಲ ಆಂಟಿ, ಜೆಂಟ್ಸ್ ಮಾತ್ರ" ಎಂದಳು. ನಾನು ಆಸ್ಪತ್ರೆಯ ಕಡೆಯವಳು, ಮಾವನವರನ್ನು ನೋಡಬೇಕಿತ್ತು ಎಂದೆ.

ಅವಳ ಕೈ ಹಗ್ಗದ ಮೇಲೇ ನಿಂತಿತು. "ಮಾವನೋರಾ? ಅವ್ರು ತೀರ್ಕೊಂಡು ತುಂಬಾ ದಿನ ಆಯ್ತಲ್ಲ. ನಿಮ್ಗೆ ಗೊತ್ತಿಲ್ವಾ?"

ಬೇರೆ ಮನೆಗೆ ಬಂದೆನೇನೋ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು. ವಾರ್ಡಿನಲ್ಲಿ ನೋಡಿದ್ದ ಕುಳ್ಳಗಿನ, ತುಂಬಿಕೊಂಡ ಹೆಂಗಸಲ್ಲ. ಕೊರಳಿನ ಮೂಳೆ ಕಾಣುತ್ತಿತ್ತು, ಕುಪ್ಪಸದ ತೋಳು ಜೋಲುತ್ತಿತ್ತು. ನನ್ನನ್ನು ನೋಡಿ ಬೆಚ್ಚಲಿಲ್ಲ. ಸೊಸೆಯ ಬೆನ್ನ ಹಿಂದಿನಿಂದ ನನ್ನನ್ನೇ ದಿಟ್ಟಿಸಿದರು.

"ನಂಗೆ ಸುದ್ದಿ ಬಂದಿರಲಿಲ್ಲ" ಎಂದು ಸೊಸೆಗೆ ಹೇಳಿದೆ. ಅದೊಂದೇ ಮಾತು ಹೊಳೆದದ್ದು.

"ಒಳಕ್ಕೆ ಬನ್ನಿ ಸಿಸ್ಟರ್" ಎಂದರು ಆಕೆ.

ಹಿಂದಿನ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಒಂಟಿ ಮಂಚ, ಗೋಡೆಯ ಪಕ್ಕ ನಮ್ಮ ತೂಕದ ಮಿಷನ್. ಆಕೆ ಮಂಚದ ಮೇಲೆ ಕೂತರು, ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಮಿಷನ್ನಿನ ಕಡೆ ನೋಡಿ ಕೇಳಿದೆ.

"ಹಾಗಾದ್ರೆ ಆ ತೂಕ ಎಲ್ಲ?"

"ನಂದೇ."

ಆಗ ಒಂದೊಂದೇ ಅರ್ಥವಾಗತೊಡಗಿತು. ಆ ವಾರ ಏರಿದ್ದು ನೀರಲ್ಲ, ಮನುಷ್ಯರೇ ಬೇರೆಯಾಗಿದ್ದರು. ನಂತರ ಇಳಿದದ್ದು ಮಾತ್ರೆಯಿಂದಲ್ಲ. ಊಟ ಸೇರದೆ ಒಬ್ಬ ಹೆಂಗಸು ಕರಗುತ್ತಾ ಹೋಗಿದ್ದನ್ನು ನಾನು ವಾರವಾರವೂ ಹೊಗಳಿದ್ದೆ.

"ಯಾಕಮ್ಮ ಹೇಳಲಿಲ್ಲ?"

ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಫಸ್ಟು ಸಿಟ್ಟಿತ್ತು, ಅದಕ್ಕೇ ಸುಳ್ಳು ಹೇಳ್ದೆ. ಆಮೇಲೆ ಸಿಟ್ಟು ಹೋಯ್ತು, ಸುಳ್ಳು ಉಳ್ಕೊಂತು."

"ನನ್ನ ಮೇಲಾ ಸಿಟ್ಟು?"

ಆಕೆ ಯಜಮಾನರು ತೀರಿಕೊಂಡ ದಿನದ ವಿಚಾರ ಹೇಳಿದರು. ಒಂದು ಭಾನುವಾರ, ಇನ್ನೂ ಬೆಳಕು ಹರಿಯುವ ಹೊತ್ತು. ಯಜಮಾನರು ಎದ್ದು ಕೂತು ಉಸಿರಿಗೆ ಒದ್ದಾಡತೊಡಗಿದರು. ಮಗ ಸೊಸೆ ಮೇಲಿನ ಮನೆಯಲ್ಲಿ ಮಲಗಿದ್ದರು. ಆಕೆಗೆ ಮೊದಲು ನೆನಪಾದದ್ದು ನಾನು. ನಾನೇ ಕೊಟ್ಟಿದ್ದ ಕಚೇರಿಯ ನಂಬರಿಗೆ ಫೋನ್ ಹಚ್ಚಿದರು.

"ನೀವೇ ಎತ್ತಿದ್ರಿ ಸಿಸ್ಟರ್. ನಮಸ್ಕಾರ ಅಂದ್ರಿ. ಸದ್ಯ, ಸಿಕ್ಕಿದ್ರಲ್ಲ ಅಂತ ನಾನು ಹೇಳ್ತಾನೇ ಹೋದೆ. ಉಸಿರು ಬರ್ತಿಲ್ಲ, ಏನ್ ಮಾಡ್ಲಿ ಹೇಳಿ ಅಂತ. ನೀವು ನಿಮ್ ಪಾಡಿಗೆ ಏನೋ ಹೇಳ್ತಾನೇ ಇದ್ರಿ. ನಾನು ಹೇಳಿದ್ದು ಕೇಳಿಸ್ತಿಲ್ಲ ಅಂದ್ಕೊಂಡು ಇಟ್ಟು ಮತ್ತೆ ಮಾಡ್ದೆ. ಮತ್ತೆ ನಮಸ್ಕಾರ ಅಂದ್ರಿ. ಹಂಗೇ ಇನ್ನೊಂದ್ ಸಲ."

ಅದು ರೆಕಾರ್ಡು. ರಜೆಯ ದಿನ ಯಾರಾದರೂ ಫೋನ್ ಮಾಡಿದರೆ ಕೇಳಲೆಂದು ಹಾಕಿದ್ದು. ರೋಗಿಗಳಿಗೆ ಪರಿಚಯದ ದನಿ ಇದ್ದರೆ ಒಳ್ಳೆಯದೆಂದು ನನ್ನಿಂದಲೇ ಹೇಳಿಸಿದ್ದರು.

"ಅದು ಮಿಷನ್ ಮಾತಾಡೋದು ಅಂತ ಆಮೇಲೆ ಮಗ ಹೇಳ್ದ. ಅವ್ನು ಇಳಿದು ಬಂದು ಕಾರಲ್ಲಿ ಹಾಕ್ಕೊಂಡು ಹೋದ. ದಾರೀಲೇ ಆಗೋಯ್ತು." ಆಮೇಲೆ ಹೇಳಿದರು: "ಮುಂಚೇನೇ ಅವ್ನನ್ನ ಎಬ್ಬಿಸ್ಬೋದಿತ್ತು. ನೀವು ಏನ್ ಹೇಳ್ತೀರೋ ಅಂತ ಕಾಯ್ಕೊಂಡ್ ನಿಂತ್ಬಿಟ್ಟೆ."

ಕ್ಷಮಿಸಿ ಎನ್ನಬೇಕೆಂದುಕೊಂಡೆ. ಯಾವುದಕ್ಕೆ ಎಂದು ಹೇಳುವುದು? ಆಕೆಯ ಕೈ ಹಿಡಿದುಕೊಂಡೆ. ಆಕೆ ಬಿಡಿಸಿಕೊಳ್ಳಲಿಲ್ಲ, ಒತ್ತಿ ಹಿಡಿಯಲೂ ಇಲ್ಲ.

"ಹನ್ನೊಂದರ ಕಾರ್ಯ ಮುಗಿದಿದ್ರೂ ಇನ್ನೂ ಮನೆ ತುಂಬ ನೆಂಟರಿದ್ರು. ಆಗ ನಿಮ್ ಫೋನ್ ಬಂತು. ಹೇಗಿದಾರೆ ಅಂದ್ರಿ. ಅವ್ರೆ ಅಂದ್ಬಿಟ್ಟೆ. ಅಂದ್ಮೇಲೆ ಒಂಥರಾ ಸಮಾಧಾನ ಆಯ್ತು. ಮಂಗಳವಾರ ಬಂದ್ರೆ ಅವ್ರು ಒಳಗೆ ಮಲಗವ್ರೆ, ನಾನು ಈಚೆ ನಿಂತು ಮಾತಾಡ್ತಾ ಇದೀನಿ ಅನ್ನಿಸೋದು. ತಪ್ಪು ಅಂತ ಗೊತ್ತು ಸಿಸ್ಟರ್. ನಿಮ್ ಕೆಲಸಕ್ಕೆ ತೊಂದ್ರೆ ಆಗುತ್ತಾ?"

ಆಗುವುದಿಲ್ಲ ಎಂದೆ. ಆಗುತ್ತದೆಂದು ಗೊತ್ತಿತ್ತು.

ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. "ನೀನೇನ್ ಮಾಡಕ್ಕಾಗ್ತಿತ್ತೇ, ಭಾನುವಾರ ಅಲ್ವಾ" ಎಂದಳು. ಎಲ್ಲರೂ ಅದನ್ನೇ ಹೇಳಿದರು. ನಾನೂ ನನಗೆ ಅದನ್ನೇ ಹೇಳಿಕೊಂಡೆ. ಊಟ ಮಾತ್ರ ಸೇರಲಿಲ್ಲ.

ಮಾರನೆಯ ದಿನ ಮುಖ್ಯಸ್ಥೆಯ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವರು ಕೊನೆಯವರೆಗೂ ಕೇಳಿದರು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು, "ಆ ರೆಕಾರ್ಡ್ ಹಾಕಿ, ಕೇಳೋಣ" ಎಂದರು. ಕಚೇರಿಯ ಫೋನನ್ನು ರಜೆಯ ದಿನದ ರೆಕಾರ್ಡಿಗೆ ತಿರುಗಿಸಿ, ನನ್ನ ಮೊಬೈಲಿನಿಂದ ಆ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ನಮಸ್ಕಾರ ಎಂದಿತು ನನ್ನ ದನಿ. ತುಂಬ ಮೃದುವಾಗಿ, ಅವಸರವಿಲ್ಲದೆ, ಅಧ್ಯಯನದ ಹೆಸರು ಹೇಳಿತು. ಕಚೇರಿಯ ವೇಳೆ ಹೇಳಿತು. ಅಷ್ಟನ್ನೂ ಮತ್ತೆ ಇಂಗ್ಲಿಷಿನಲ್ಲಿ ಹೇಳಿತು. ಎಲ್ಲ ಮುಗಿದ ಮೇಲೆ, ತುರ್ತು ಇದ್ದರೆ ಕಾಯಬೇಡಿ, ಕೂಡಲೇ ಆಂಬುಲೆನ್ಸ್ ಕರೆಯಿರಿ ಎಂದಿತು. ಉಸಿರು ಕಟ್ಟಿದ ಗಂಡನ ಪಕ್ಕದಲ್ಲಿ ನಿಂತು ಅಲ್ಲಿಯತನಕ ಯಾರು ಕಾಯುತ್ತಾರೆ?

"ಈ ವಾಕ್ಯಗಳನ್ನ ನಾವೆಲ್ಲ ಕೂತು ಓದಿ ಒಪ್ಪಿದ್ವಿ" ಎಂದರು ಮುಖ್ಯಸ್ಥೆ. "ನಾನೂ ಓದಿದ್ದೆ."

ಅವರು ಮುಚ್ಚಿಡಬಹುದಿತ್ತು. ರೋಗಿ ಸಂಪರ್ಕಕ್ಕೆ ಸಿಗಲಿಲ್ಲ ಎಂದು ಬಿಟ್ಟುಬಿಡುವ ದಾರಿ ಇತ್ತು. ಹಾಗೆ ಮಾಡದೆ, ನಮ್ಮ ಮೇಲ್ವಿಚಾರಣೆಗೆಂದೇ ಇದ್ದ ಸಮಿತಿಗೆ ಎಲ್ಲವನ್ನೂ ತಿಳಿಸಿದರು. ಸಾವಿನ ನಂತರದ ತೂಕಗಳನ್ನು ಅಳಿಸಿದರು. ಕೆಲಸ ನೋಡಲು ಬಂದಿದ್ದ ಹೊರಗಿನವರಿಗೂ ಪತ್ರ ಬರೆದು, ನಾವು ಹೇಳಿದ ಯಶಸ್ಸಿನ ಕಥೆ ನಿಜವಲ್ಲ, ಆ ರೋಗಿ ಅಷ್ಟರಲ್ಲೇ ತೀರಿಹೋಗಿದ್ದರು ಎಂದರು. ಸಮಿತಿಯಲ್ಲಿ ಒಬ್ಬರು, ಮನೆಯವರೇ ಸುಳ್ಳು ಮಾಹಿತಿ ಕೊಟ್ಟಿದ್ದಾರಲ್ಲ, ಅವರಿಂದ ಹೇಳಿಕೆ ಬರೆಸಿಕೊಳ್ಳಬೇಕಲ್ಲವೇ ಎಂದು ಕೇಳಿದರಂತೆ. ಯಾರೂ ಆ ಮನೆಗೆ ಹೋಗಕೂಡದು ಎಂದು ಮುಖ್ಯಸ್ಥೆ ಹೇಳಿದರಂತೆ. ರೆಕಾರ್ಡನ್ನು ಬದಲಿಸಿದರು. ಈಗ ಮೊದಲು ಟಿಣ್ ಎಂಬ ಸದ್ದು, ಕೂಡಲೇ ಆಂಬುಲೆನ್ಸಿನ ಮಾತು. ದನಿ ಯಾರದೋ ಗಂಡಸಿನದು.

ಆ ತಿಂಗಳಲ್ಲೇ ಸಿದ್ದಾಪುರದ ಇಸ್ತ್ರಿಯವರು ತಪಾಸಣೆಗೆ ಆಸ್ಪತ್ರೆಗೆ ಬಂದರು. ನಡೆದುಕೊಂಡೇ ಬಂದರು. ಮುಖದಲ್ಲಿ ಕಳೆಯಿತ್ತು, ಕಾಲಲ್ಲಿ ಊತವಿರಲಿಲ್ಲ. ಹೆಂಡತಿ ನನ್ನನ್ನು ಗುರುತು ಹಿಡಿದರು.

"ನೋಡಿ ಸಿಸ್ಟರ್, ನಿಮ್ ಫೋನ್ ಇಲ್ದೇನೂ ಚೆನ್ನಾಗಿದಾರೆ. ಗಾಡಿ ನಾನೇ ನೋಡ್ಕೊತೀನಿ, ಇವ್ರು ಸುಮ್ನೆ ಸ್ಟೂಲ್ ಮೇಲೆ ಕೂತು ಮಡಚಿ ಕೊಡ್ತಾರೆ." ಆಮೇಲೆ ದನಿ ತಗ್ಗಿಸಿ ಕೇಳಿದರು, "ಪಕ್ಕದ ಬೆಡ್ಡಿನ ಆ ಹುಳಿಮಾವ್ ಅಂಕಲ್ ಹೇಗಿದಾರೆ?"

ಒಬ್ಬ ರೋಗಿಯ ವಿಚಾರ ಇನ್ನೊಬ್ಬರಿಗೆ ಹೇಳುವಂತಿಲ್ಲ ಎಂದೆ. ಅದು ನಿಯಮ. ಆಕೆ ನನ್ನ ಮುಖ ನೋಡಿದರು, ಮತ್ತೆ ಕೇಳಲಿಲ್ಲ. ಒಬ್ಬರು ಉಳಿದು ಒಬ್ಬರು ಹೋದದ್ದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಆ ದಿನ ಬಸ್ಸಿನಲ್ಲಿ ಗಿರಿನಗರದವರೆಗೂ ಅದನ್ನೇ ಯೋಚಿಸಿದೆ.

ರೋಗಿಯೇ ಇಲ್ಲದ ಮೇಲೆ ಹುಳಿಮಾವಿಗೆ ಫೋನ್ ಮಾಡುವುದು ಅಧ್ಯಯನದ ಲೆಕ್ಕದಲ್ಲಿ ಮುಗಿದಿತ್ತು. ನಾನು ಮಾಡಲೇ ಎಂದು ಮುಖ್ಯಸ್ಥೆಯನ್ನು ಕೇಳಿದೆ. "ನಾನು ಬೇಡ ಅನ್ನಲ್ಲ, ಮಾಡಿ ಅಂತಾನೂ ಅನ್ನಲ್ಲ" ಎಂದರು. ನನ್ನ ಮೊಬೈಲಿನಿಂದಲೇ ಮಾಡತೊಡಗಿದೆ. ತೂಕ ಇಳಿದದ್ದಕ್ಕೆ ರಕ್ತ ಪರೀಕ್ಷೆ ಮಾಡಿಸಿ ಎಂದೆ. ಮಾಡಿಸಿದರು, ಸಕ್ಕರೆ ಕಾಯಿಲೆ ಏನೂ ಇರಲಿಲ್ಲ. ಊಟ ಮಾಡಿ ಎಂದೆ. ಮಾಡ್ತೀನಿ ಎಂದರು. ಮಾತು ಮೊದಲಿನ ಹಾಗೆ ಹರಿಯಲಿಲ್ಲ. ನಾನು ಕೇಳುತ್ತಿದ್ದೆ, ಆಕೆ ಉತ್ತರಿಸುತ್ತಿದ್ದರು, ಅಷ್ಟೇ.

ಒಂದು ಸಲ ಆಕೆಯೇ ಹೇಳಿದರು.

"ಸಿಸ್ಟರ್, ಬೇಜಾರ್ ಮಾಡ್ಕೋಬೇಡಿ. ಇನ್ನು ಸಾಕು ಅನ್ಸುತ್ತೆ."

"ಏನಮ್ಮ?"

"ಈ ಫೋನು. ಮುಂಚೆ ನೀವು ಮಾಡ್ದಾಗ ಅವ್ರು ಇದ್ದಂಗೇ ಇರೋದು. ಈಗ ನಿಮ್ಗೂ ಗೊತ್ತಾಯ್ತಲ್ಲ. ಈಗ ಫೋನ್ ಬಂದ್ರೆ ಅವ್ರು ಇಲ್ಲ ಅಂತಾನೇ ಅನ್ಸುತ್ತೆ. ಇಡೀ ದಿನ ಏನೂ ಮಾಡಕ್ಕಾಗಲ್ಲ."

"ಸರಿಯಮ್ಮ" ಎಂದೆ.

"ಮಿಷನ್ ತಗೊಂಡ್ ಹೋಗೋಕೆ ಯಾರನ್ನಾದ್ರೂ ಕಳ್ಸಿ" ಎಂದರು. ಬೇಕಾದರೆ ಇಟ್ಟುಕೊಳ್ಳಿ ಎಂದೆ. ಬೇಡ ಎಂದರು. ಅವರ ಮನೆಯ ಒಳಗೆಲ್ಲೋ ಮಿಕ್ಸಿ ತಿರುಗುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಲೈನ್ ಕಟ್ಟಾಯಿತು.

ಅಧ್ಯಯನ ಮುಗಿಯಿತು. ಫೋನ್ ಬಂದವರಿಗೂ ಬಾರದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫೋನಿಗೆ ಸಿಗದೆ ಹೋದವರಲ್ಲಿ ಹೆಚ್ಚಿನವರು ಒಂದೇ ಮೊಬೈಲನ್ನು ಮನೆಯವರೆಲ್ಲ ಹಂಚಿಕೊಳ್ಳುವ ಮನೆಗಳವರು ಎಂಬುದನ್ನು ಮುಖ್ಯಸ್ಥೆ ತಮ್ಮ ವರದಿಯಲ್ಲಿ ಒತ್ತಿ ಬರೆದರು. ನರ್ಸಿನ ಸಂಬಳ ಕೊಟ್ಟು ಇದನ್ನು ಮುಂದುವರಿಸುವುದು ಕಷ್ಟ ಎಂದು ಆಸ್ಪತ್ರೆಯವರು ಕೈಬಿಟ್ಟರು. ಇನ್ನೊಂದು ಅಧ್ಯಯನಕ್ಕೆ ಬನ್ನಿ ಎಂದು ಮುಖ್ಯಸ್ಥೆ ಕರೆದರು. ನಾನು ಹೋಗಲಿಲ್ಲ.

ಈಗ ಬನಶಂಕರಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿದ್ದೇನೆ. ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತೇನೆ, ಇಂಜೆಕ್ಷನ್ ಕೊಡುತ್ತೇನೆ. ನಡುವಿಗೆ ಬೆಲ್ಟು ಕಟ್ಟಿಕೊಂಡು ನಿಂತರೆ ಮಧ್ಯಾಹ್ನದವರೆಗೆ ತಡೆಯುತ್ತದೆ. ನಂತರ ನೋಯುತ್ತದೆ. ಆದರೆ ಏನಾಗಿದೆ ಎಂದು ಯಾರನ್ನು ಕೇಳಬೇಕೋ ಅವರು ಇಲ್ಲಿ ನನ್ನ ಎದುರಿಗೇ ಸ್ಟೂಲಿನ ಮೇಲೆ ಕೂತಿರುತ್ತಾರೆ. ಬಟ್ಟೆ ಸರಿಸಿ ನೋಡುತ್ತೇನೆ, ಒತ್ತಿ ನೋಡುತ್ತೇನೆ. ಗಾಯ ಮಾಗದಿದ್ದರೆ ಮಾಗಿಲ್ಲ ಎಂದು ಹೇಳುತ್ತೇನೆ.